ಉಗುರಿನಷ್ಟು ‘ಇಲ್ಲ’

ನನ್ನ ಹೆಸರು ಐಸೊಬೆಲ್ ಗೆಡ್ಡಿಸ್. ಇಪ್ಪತ್ತಾರು ವರ್ಷ
ಬೇರೆಯವರ ಮಾತು ಬರೆದುಕೊಂಡೇ ಬದುಕಿದ್ದೇನೆ.
ಆಡಿದ ಮಾತು ಗಾಳಿಗೆ ಹೋಯಿತು ಅನ್ನುತ್ತಾರಲ್ಲ,
ಇನ್ವರ್ನೆಸ್ಸಿನ ಕೋರ್ಟಿನಲ್ಲಿ ಹೋಗುವುದಿಲ್ಲ.
ನನ್ನ ಪೆನ್ಸಿಲ್ಲು ಅದನ್ನು ಹೊಸ್ತಿಲಲ್ಲೇ ಹಿಡಿಯುತ್ತದೆ.

ಈ ವಾರ ಮಾತ್ರ ಮೇಜಿನ ಬದಿ ಬಿಟ್ಟು
ಸಾಕ್ಷಿಕಟ್ಟೆ ಹತ್ತಬೇಕಾಯಿತು. ಕೈಯೆತ್ತಿ ಪ್ರಮಾಣ.
ಕೆಳಗೆ ನನ್ನ ಕುರ್ಚಿಯಲ್ಲಿ ಹೊಸ ಹುಡುಗಿಯೊಬ್ಬಳು
ನನ್ನನ್ನು ಬರೆದುಕೊಳ್ಳುತ್ತಿದ್ದಳು.
ಕೈ ತುಸು ನಿಧಾನ. ಅವಳಿಗಾಗಿ ನಾನೂ ನಿಧಾನ ಮಾತಾಡಿದೆ.

ಮೊದಲ ಸಲ ಕೇಳಿದ್ದು ಬೆಂಕಿಯ ಬಗ್ಗೆ.
ವಿಕ್ ಬಂದರು, ಫೆಬ್ರವರಿ, ವಿಮೆ ಮಾಡಿಸಿದ ದೋಣಿ,
ಅದರೊಳಗೆ, ಅಲ್ಲಿ ಇರಬಾರದಿದ್ದ,
ಬಲೆಗಳ ಮೇಲೆ ನಿದ್ದೆಹೋಗಿದ್ದ
ಹದಿನೇಳರ ಹುಡುಗ ಲಾಕ್ಲನ್ ಬೇನ್.
ದೋಣಿಯ ಒಡೆಯ ಹೆಕ್ಟರ್ ಸ್ವಾನ್ಸನ್ ಬಾಯಿಯೇ ಬಿಡಲಿಲ್ಲ.
ಹದಿನೈದು ಜನರ ಜೂರಿ
ನಮ್ಮ ದೇಶದ ಆ ಮೂರನೆಯ ತೀರ್ಪು ಕೊಟ್ಟಿತು:
ಸಾಬೀತಾಗಲಿಲ್ಲ.
ಹಾಗಂದರೂ ಬಾಗಿಲು ತೆರೆಯುತ್ತದೆ, ಮನುಷ್ಯ ಮನೆಗೆ ಹೋಗುತ್ತಾನೆ.
ಒಮ್ಮೆ ಬೀಸಿದ್ದನ್ನು ಇನ್ನೊಮ್ಮೆ ಕಲ್ಲಿಗೆ ಹಾಕುವಂತಿಲ್ಲ.

ಸುಮ್ಮನಿದ್ದಿದ್ದರೆ ಮುಗಿದೇಹೋಗುತ್ತಿತ್ತು.
ಊರಿನ ವಾರಪತ್ರಿಕೆ ಬರೆಯಿತು: ಕಡ್ಡಿ ಗೀರಿದ ಕೈ
ಇವತ್ತೂ ನಮ್ಮ ಅಂಗಡಿಗಳಲ್ಲಿ ಚಿಲ್ಲರೆ ಎಣಿಸುತ್ತಿದೆ.
ಮಾನ ಹೋಯಿತು ಅಂದ. ಹೋದ ಮಾನಕ್ಕೆ ಬೆಲೆ ಕಟ್ಟಿದ.
ಎಡಿನ್‌ಬರೋದಲ್ಲಿ ದಾವೆ. ಅಲ್ಲಿಗೂ ನನ್ನನ್ನೇ ಕರೆಸಿದ್ದರು.
ಪತ್ರಿಕೆಯ ವಕೀಲ ಕೇಳಿದ:
ಆ ರಾತ್ರಿ ನೀವು ಬಂದರಿಗೆ ಇಳಿದಿರಾ?

ಇಲ್ಲ.

ನನ್ನ ಲಿಪಿಯಲ್ಲಿ ಅದಕ್ಕೆ
ಒಂದು ಪುಟ್ಟ ಬಾಗು, ಪಕ್ಕದಲ್ಲೊಂದು ಗೀಟು.
ಕತ್ತರಿಸಿ ಬಿದ್ದ ಉಗುರಿನಷ್ಟು.
ನಾಲ್ಕು ಸಾವಿರ ಪೌಂಡು ಬಂತು ಆ ಉಗುರಿಗೆ.
ಹೊಸ ದೋಣಿಗೆ ಹಸಿರು ಬಳಿಸಿದ,
ಹಸಿರು ಅಪಶಕುನ ಅನ್ನುವ ಬೆಸ್ತರ ನಡುವೆ.

ಎರಡು ವರ್ಷದ ಮೇಲೆ ಬೇಕರಿಯ ವಾಲೇಸ್ ಮನ್ರೋ
ಪೊಲೀಸರೆದುರು ಟೋಪಿ ತಿರುವುತ್ತ ಹೇಳಿದ:
ಆ ರಾತ್ರಿ ಎರಡೂವರೆಗೆ, ದೋಣಿಕಟ್ಟೆಯ ಮೇಲೆ,
ಸ್ವಾನ್ಸನ್ನಿಗೆ ಆರು ಬಿಸಿ ಬನ್ನು ಕೊಟ್ಟೆ. ಸಾಲ.
ಪುಸ್ತಕದಲ್ಲಿ ತಾರೀಖಿದೆ, ಅವನದೇ ಸಹಿ ಇದೆ.
ಇಷ್ಟು ದಿನ ಯಾಕೆ ಸುಮ್ಮನಿದ್ದೆ?
ಜೊತೆಗೆ ಒಬ್ಬಳಿದ್ದಳು. ಅವಳು ಈಗಿಲ್ಲ.

ಹೀಗೆ ಸುಳ್ಳುಸಾಕ್ಷಿಯ ಮೊಕದ್ದಮೆ.
ಅವನ ವಕೀಲ ಎದ್ದ: ಸ್ವಾಮಿ, ಇದು ಅದೇ ಕೇಸು,
ಕೋಟು ಬದಲಿಸಿಕೊಂಡು ಬಂದಿದೆ.
ನ್ಯಾಯಾಧೀಶರು ಕನ್ನಡಕ ಒರೆಸಿದರು:
ಬೆಂಕಿಯ ಮಾತು ಎತ್ತುವಂತಿಲ್ಲ. ಸತ್ತವನ ಮಾತೂ.
ಈ ಮನುಷ್ಯ ಬಂದರಿಗೆ ಇಳಿದನೇ, ಇಲ್ಲವೇ. ಅಷ್ಟೇ.

ಹಾಗಾಗಿ ಮೂರು ದಿನ ಎಲ್ಲರೂ ಬನ್ನಿನ ಬಗ್ಗೆ ಮಾತಾಡಿದರು.
ಬಿಸಿಯಿತ್ತೇ. ಆರೇ. ಬೆಳದಿಂಗಳಿತ್ತೇ.
ಬೆಂಕಿಯ ಸುತ್ತ ಮೆಲ್ಲಗೆ ಕಾಲೆತ್ತಿಟ್ಟು ನಡೆದರು,
ಮಲಗಿದ ಮಗುವನ್ನು ದಾಟುವವರ ಹಾಗೆ.

ನನ್ನನ್ನು ಕೇಳಿದ್ದು ಒಂದೇ: ಎಡಿನ್‌ಬರೋದಲ್ಲಿ ಅವನು ಅಂದದ್ದೇನು?
ಹಳೆಯ ಪುಸ್ತಕ ಬಿಡಿಸಿ, ಜೂರಿಗೆ ಕಾಣುವಂತೆ ಎತ್ತಿ ಹಿಡಿದು,
ಓದಿದೆ: ಇಲ್ಲ.
ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ
ನಾನು ಗಟ್ಟಿಯಾಗಿ ಓದಿದ ಮೊದಲ ಮಾತು.
ಅದೂ ಅವನದು.

ಹದಿನೆಂಟು ತಿಂಗಳು. ಕೊಂದದ್ದಕ್ಕಲ್ಲ.
(ಕೊಂದನೆಂದು ನಾನು ಹೇಳಿಲ್ಲ, ಗಮನಿಸಿ;
ಹೇಳಿದರೆ ನನ್ನ ಮೇಲೂ ದಾವೆ ಬಿದ್ದೀತು.)
ಒಂದು ಉಗುರಿಗೆ.

ಮೆಟ್ಟಿಲ ಬಳಿ ವಿಲಿಯಮಿನಾ ಬೇನ್ ನಿಂತಿದ್ದಳು, ಹುಡುಗನ ತಾಯಿ.
ಅವನ ಹೆಸರು ಯಾರೂ ಎತ್ತಲಿಲ್ಲ ಅಂದಳು.
ನಿಮ್ಮ ಬರಹದಲ್ಲಿ ಅದು ಹೇಗೆ ಕಾಣುತ್ತದೆ?
ಬಸ್ಸಿನ ಟಿಕೆಟ್ಟಿನ ಹಿಂದೆ ಗೀಚಿ ಕೊಟ್ಟೆ, ಮನೆತನದ ಹೆಸರು ಮಾತ್ರ:
ದಪ್ಪ ಗೆರೆ ಕೆಳಕ್ಕೆ, ಅದರ ತುದಿಗೆ ಪುಟ್ಟ ಬಾಗು.
ಬೆಳಕಿಗೆ ಹಿಡಿದಳು. ತಲೆಕೆಳಗು ಮಾಡಿಯೂ ನೋಡಿದಳು.
ಈ ಬಾಗು, ಅಂದಳು,
ನೀವು ಅವರಿಗೆ ಎತ್ತಿ ತೋರಿಸಿದ್ದರಲ್ಲೂ ಇದೇ ಇತ್ತಲ್ಲವೇ?

ಇಲ್ಲ, ಅಂದೆ.
ಆಗ ನಾನು ಪ್ರಮಾಣದ ಮೇಲೆ ಇರಲಿಲ್ಲ.