ಹದಿನಾಲ್ಕನೇ ಸಾಲು

ನಸುಕಿನ ಮೂರಕ್ಕ ಗೇಟಿನ್ಯಾಗ ಹೆಬ್ಬೆಟ್ಟು ಒತ್ತಬೇಕು.
ಮಷಿನ್ನು ನನ್ನ ಹೆಬ್ಬೆಟ್ಟಿಗೆ ಒಲ್ಲೆ ಅಂತದ,
ಬಟ್ಟಿ ಹಿಂಡಿ ಹಿಂಡಿ ಗೆರಿ ಸವದಾವ.
ಇಮಾಂಬಿ ತನ್ನ ಸೆರಗಿಲೆ ಒರಸಿ ಕೊಡ್ತಾಳ,
ಮೂರನೇ ಸಲಕ್ಕ ಹಸರು ದೀಪ.

ನಾವು ಹನ್ನೊಂದು ಮಂದಿ.
ಉದ್ದ ಕೋಲಿಗೆ ರಬ್ಬರು, ಹಿಂದ ನೀರಿನ ಟ್ರ್ಯಾಕ್ಟರು,
ಹಣಿ ಮ್ಯಾಲ ಒಂದೊಂದು ಬ್ಯಾಟ್ರಿ.
ಹೊತ್ತು ಏರೂದ್ರೊಳಗ ಗಾಜು ಆರಿರಬೇಕು,
ಕಾದ ಗಾಜಿಗೆ ತಣ್ಣೀರು ಬಿದ್ರ ಸೀಳ್ತದಂತ.
ದಿನಾ ಕಾದ ಹಂಚಿನ ಮುಂದ ಕುಂತು
ರೊಟ್ಟಿಗೆ ನೀರು ಸವರೋರಿಗೆ
ಇದನ್ನ ಎರಡು ದಿನ ಟ್ರೇನಿಂಗ್ ಕೊಟ್ಟು ಕಲಿಸಿದ್ರು.

ವಾಡಿ ಕಡಿಂದ ಗಾಳಿ ಬಂದ್ರ ಸಿಮೆಂಟಿನ ಪುಡಿ,
ತೊಗರಿ ರಾಶಿ ದಿನದಾಗ ಹೊಟ್ಟು.
ಮಂಜು ಬಿದ್ದ ರಾತ್ರಿ ಎರಡೂ ಕೂಡಿ ಗಾರಿ ಆಗ್ತದ.
ಉಗುರು ಹಚ್ಚಬ್ಯಾಡ್ರಿ ಅಂತಾನ ಅರುಳ್.
ಸೇಲಂ ಕಡಿ ಹುಡುಗ. ನಮ್ಮ ಖಾರಕ್ಕ ಕಣ್ಣೀರು ಹಾಕಿದಂವ
ಈಗ ತಾನೇ ಪುಂಡಿಪಲ್ಯ ಬೇಡ್ತಾನ.

ನಮ್ಮವ್ವ ಇಡೀ ಆಯುಷ್ಯ ಬಿಸಲಿಗೆ ಬೈದಳು.
ಆಕಿ ಬೈದ ಬಿಸಲೇ ಈಗ ತಂತಿ ಹತ್ತಿ ಹೋಗ್ತದ.
ಎಲ್ಲಿಗಿ ಅಂತ ಕೇಳಿದ್ರ ಅರುಳ್, ಗ್ರಿಡ್ಡಿಗಿ ಅಂತಾನ.
ಅದು ಯಾವ ತಾಲೂಕಿನ್ಯಾಗ ಬರ್ತದೋ.

ಹದಿನಾಲ್ಕನೇ ಸಾಲಿನ ಏಳನೇ ಮೇಜು
ಎರಡು ಪರ್ಸೆಂಟ್ ಕಮ್ಮಿ ಕೊಡ್ತದ.
ವಾಯರು ಬದಲಿಸ್ಯಾರ, ಡಬ್ಬಿ ಬದಲಿಸ್ಯಾರ,
ಹೈದರಾಬಾದಿಂದ ಒಬ್ಬ ಸಾಹೇಬ ಬಂದು
ಛತ್ರಿ ಹಿಡಕೊಂಡು ಅದರ ಮುಂದ ನಿಂತು ಹೋದ.
ತಲಿ ಜರಾ ವಾರಿ ಮಾಡಿ ನೋಡಿದ್ರ ಸಾಕು,
ಬಲಗಾಲು ಒಂದು ಬೆರಳು ಇಳದದ.
ಬಾವಿಯೊಳಗ ಇಣುಕೋರು ಹಿಂಗೇ ಬಗ್ತಾರ.

ಅಲ್ಲಿ ಬಾವಿ ಇತ್ತು.
ಫರಸಿ ಕಟ್ಟಿದ್ದು, ಹದಿನೆಂಟು ಪಾವಟಿಗಿ.
ಹೊಲದಾಗ ಬಾವಿ ಇದ್ರ ಕಿರಾಯಿ ಮುರೀತಾರ ಅಂತ
ಯಾರೋ ನಮ್ಮಪ್ಪನ ಕಿವಿಯಾಗ ಊದಿದ್ರು.
ಮೋಜಣಿದಾರು ಬರೂ ಮೊದಲ, ನಾಕು ರಾತ್ರಿ,
ನಲವತ್ತು ಟ್ರ್ಯಾಕ್ಟರು ಮುರುಮು ನುಂಗಿತು.
ಅವ್ವ ದಂಡಿ ಮ್ಯಾಲ ಪಾತಾಳಗರಡಿ ಹಿಡಕೊಂಡು ನಿಂತಿದ್ದಳು.
ನನ್ನ ತಾಮ್ರದ ಕೊಡ ಅದರಾಗ ಅದ, ತಡೀರೋ,
ಇನ್ನೊಂದು ಸಲ ಇಳಿ ಬಿಡ್ತೀನಿ.
ಹಗ್ಗ ಸಾಲಲಿಲ್ಲೋ, ಹೊತ್ತು ಸಾಲಲಿಲ್ಲೋ.

ಹೇಳಿದ್ರ ಕಾಗದ ಮತ್ತ ಬಿಚ್ಚತಾರ.
ನಾ ಬಾಯಿ ಬಿಟ್ಟಿಲ್ಲ.

ಮೊನ್ನಿ ಡ್ಯೂಟಿ ಮುಗದ ಮ್ಯಾಲ ಅರುಳ್ ಕೇಳಿದ,
ಅಕ್ಕಾ, ಈ ಜಾಗದಾಗ ಮೊದಲ ಏನಿತ್ತು?
ಅವನ ಕನ್ನಡ ಇನ್ನಾ ಹಸಿ, ಕೇಳೋದು ಮಾತ್ರ ಬಲತದ.
ಹೊಲ, ಅಂದೆ.

ಅಂವ ಮೇಜಿನ ಬುಡಕ್ಕ ಬಗ್ಗಿ ನೋಡಿದ.
ಮೇ ತಿಂಗಳ ಎರಿ ನೆಲ, ಕೈ ಹೋಗುವಂಥ ಬಿರುಕು.
ಬಿರುಕೆಲ್ಲಾ ನಾಕೂ ದಿಕ್ಕಿಂದ ಓಡಿ ಬಂದು
ಒಂದು ಕಡಿ, ದುಂಡಗ, ನಿಂತುಬಿಟ್ಟಾವ.
ಆ ದುಂಡಿನ ಸುತ್ತ ಹೆಜ್ಜಿ ಎಣಿಸಿಕೋತ ಒಂದು ಸುತ್ತು ಬಂದ.
ನನ್ನ ಮಾರಿ ನೋಡಿದ.
ನಾ ಬಕೀಟಿನ ನೀರು ನೋಡಿದೆ.

ಆಮ್ಯಾಲ ಫೋನ್ ತಗದು ಕಾರಣದ ಕಡಿ ಒತ್ತಿ
ಒಂದೇ ಶಬ್ದ ಬರದು, ನನಗ ತೋರಿಸಿ, ಕಳಿಸಿದ:
ಧೂಳು.

ಈಗ ಏಳನೇ ಮೇಜು ನಾ ಎರಡು ಸಲ ಒರಸ್ತೀನಿ.
ಬರದಾನಲ್ಲ, ಒರಸಬೇಕು.