ಬೂತಾಯಿಯ ಲೆಕ್ಕ

ಆರಿಕ್ಕಾಡಿಯ ಕೊಯ್ದ ಗದ್ದೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ
ಏಳು ಜನರ ಫುಟ್‌ಬಾಲು.
ಹಸಿರು ಅಂಗಿಯ ಅಂದುಂಞಿಚ್ಚ
ಎರಡು ಗಾಳಿಮರದ ಕಂಬಗಳ ನಡುವೆ
ಅಗುಳಿ ಹಾಕಿದ ಬಾಗಿಲಿನ ಹಾಗೆ ನಿಲ್ಲುತ್ತಿದ್ದ.

ನಾವು ಕಟ್ಟಪುಣಿಯ ಮೇಲೆ,
ಕೂಳೆ ಚುಚ್ಚಿದ ಕಾಲು ತುರಿಸಿಕೊಳ್ಳುತ್ತ.
ಅವನು ಹಾರಿದಾಗೆಲ್ಲ
ನನ್ನ ಹೊಟ್ಟೆಯೂ ನೆಲ ಬಿಡುತ್ತಿತ್ತು.
ಅವನ ಬಲಗೈಗೆ ಆರು ಬೆರಳುಂಟು,
ಲೈಟಿಗೆ ಕಾಣುವುದಿಲ್ಲ ಅಷ್ಟೆ
ಎಂದು ಐತಪ್ಪ ಆಣೆ ಹಾಕುತ್ತಿದ್ದ.

ಉಪ್ಪಳದವರ ಮೇಲೆ ಫೈನಲ್ಲು.
ಕೊನೆಯ ನಿಮಿಷ. ನೆಲ ಹಿಡಿದು ಬಂದ ಒಂದು ಸೋಮಾರಿ ಚೆಂಡು
ಅವನ ಕಾಲ ಸಂದಿಯಲ್ಲಿ
ಕೋಳಿಮರಿಯ ಹಾಗೆ ನುಸುಳಿತು.
ಆ ರಾತ್ರಿ ನನಗೆ ಗಂಜಿ ಇಳಿಯಲಿಲ್ಲ.

ಬೆಳಗ್ಗೆ ಎಂಟಕ್ಕೆ, ಎಂದಿನಂತೆ,
ಅವನ ಸೈಕಲ್ಲಿನ ಪೋಂ ಪೋಂ.
ಕ್ಯಾರಿಯರಿನ ಬುಟ್ಟಿಯಲ್ಲಿ ಬೂತಾಯಿ,
ಮೊಣಕೈಯಲ್ಲಿ ಟಿಂಚರಿನ ಕೆಂಪು.
ಅಮ್ಮ ಪಾತ್ರೆ ಹಿಡಿದು ಹೋದಳು:
"ರೂಪಾಯಿಗೆ ಎಂಟೇ?
ಎಂತ ಮಾರಾಯ, ನಿನ್ನೆ ಕೈಗೆ ಎಣ್ಣೆ ಪೂಸಿದ್ದೆಯಾ?"

ಬಾವಿಕಟ್ಟೆಯ ಹಿಂದೆ ನಾನು ಹಿಡಿಯಷ್ಟಾದೆ.

"ಕೈ ಅಲ್ಲಕ್ಕಾ," ಅಂದ. "ಕೈಕೊಟ್ಟದ್ದು ಕಣ್ಣು.
ಕತ್ತಲಾದರೆ ಚೆಂಡು ಮಂಜು ಮಂಜು."

ಮತ್ತೆ ಒಂದೊಂದೇ ಮೀನನ್ನು
ಮುಖದ ಹತ್ತಿರ ತಂದು ಎಣಿಸಿದ.
ಎಂಟು ಎಂದು ಹಾಕಿದ್ದು ಹತ್ತಿತ್ತು.
ಬೆಂಡೆಕಾಯಿಗೂ ಚೌಕಾಸಿ ಮಾಡುವ ಅಮ್ಮ
ಅವನು ಬೀಡಿ ಹಚ್ಚಲು ಆಚೆ ತಿರುಗಿದಾಗ
ಎರಡನ್ನು ಬುಟ್ಟಿಗೇ ಜಾರಿಸಿ,
ಬಾಲದಿಂದ ಹಿಡಿದು, ಸದ್ದಾಗದಂತೆ,
ಒಳಗೆ ಬಂದಳು.