ಇಲ್ಲದ ವಿಮಾನ

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ.
ಝೆರಾಕ್ಸು, ಲ್ಯಾಮಿನೇಷನ್ನು, ರೈಲು, ವಿಮಾನ.
ಸಂತೆಯ ದಿನ ಸಾಹೇರಾ ಬಂದಳು.
ಕಾಫಿ ಹಣ್ಣಿನ ಅಂಟು ಬೆರಳಿಗೆ, ಬೆರಳಿನಿಂದ ನೋಟಿಗೆ.
ಪ್ರತಿಸಲ ಮೂರು ರಾತ್ರಿ ರೈಲಲ್ಲಿ ಕೂತು ಹೋಗುವವಳು
ಈ ಸಲ ಒಂದು ಕಾಗದ ಬಿಚ್ಚಿ ಮೂರು ಪ್ರತಿ ಕೇಳಿದಳು.
ಅವಳೂರಿನ ಲಿಪಿ. ನನಗೆ ಓದಲು ಬಂದದ್ದು
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ತಾರೀಕು ಮಾತ್ರ.

ಕಂಪ್ಯೂಟರಿಗೆ ಎರಡು ಹೆಸರು ಕೊಟ್ಟೆ:
ಕಣ್ಣೂರು, ಗುವಾಹಟಿ.
ಎರಡು ಚುಕ್ಕೆ ಮೂಡಿತು, ನಡುವೆ ಬಿಲ್ಲಿನಂಥ ಗೆರೆ.
ಎರಡು ಸಾವಿರದ ಮುನ್ನೂರು ಕಿಲೋಮೀಟರು ಚಿಲ್ಲರೆ,
ಮೂರು ಗಂಟೆ ಇಪ್ಪತ್ತು ನಿಮಿಷ.

‘ಗೆರೆ ಯಾಕಣ್ಣಾ ಬಾಗಿದೆ?’
ಭೂಮಿ ಗುಂಡಗಿದೆಯಲ್ಲ, ಅಂದೆ.
ಅವಳು ಒಪ್ಪಲಿಲ್ಲ.
‘ತೋಟದಲ್ಲಿ ಆನೆ ನಿಂತಿದ್ದರೆ
ನಾವೂ ಹೀಗೇ ಸುತ್ತಿಕೊಂಡು ಹೋಗೋದು.’

ಆಮೇಲೆ ಹೇಳಬೇಕಾಯಿತು,
ಆ ಗೆರೆಯ ಮೇಲೆ ವಿಮಾನವೇ ಇಲ್ಲ ಅಂತ.
ಇದ್ದಿದ್ದರೆ ಇಷ್ಟು ಹೊತ್ತು, ಅಷ್ಟೆ.
ಹರಿದ ಬಿಲ್ಲಿನ ಬೆನ್ನ ಮೇಲೆ ಬೇರೆ ಲೆಕ್ಕ ಬರೆದೆ:
ಜಂಶೀರನ ಜೀಪು, ಅಮ್ಮತ್ತಿ, ವಿರಾಜಪೇಟೆ,
ಮಾಕುಟ್ಟದ ಇಳಿಜಾರು, ಮಟ್ಟನ್ನೂರು;
ಬೆಂಗಳೂರಲ್ಲಿ ಇಳಿದು ಆರು ಗಂಟೆ ಕುರ್ಚಿ;
ಅಲ್ಲಿಂದ ಗುವಾಹಟಿ. ಆಮೇಲೆ?
‘ಬಸ್ಸು. ಆಮೇಲೆ ದೋಣಿ. ಆಮೇಲೆ ಮರಳಲ್ಲಿ ನಡೆಯೋದು.’
ಎಷ್ಟು ದೂರ ನಡೆಯೋದು?
‘ಮನೆ ಹೋದ ವರ್ಷ ಇದ್ದಲ್ಲಿ ಇಲ್ಲ.
ಆ ನೆಲ ನದಿಗೆ ಹೋಯಿತು.
ಈಗ ಎಲ್ಲಿ ಕಟ್ಟಿದ್ದಾರೋ, ಹೋಗಿ ನೋಡಬೇಕು.’

ಪೆನ್ನು ಅಲ್ಲೇ ನಿಂತಿತು.

ನಮ್ಮಜ್ಜನಿಗೆ ಕಿಲೋಮೀಟರು ಗೊತ್ತಿರಲಿಲ್ಲ.
ಗದ್ದೆಯ ಆಚೆ ಒಂದು ಗುಂಡು ಹಾರಿದರೆ ಹುಟ್ಟು,
ಎರಡು ಹಾರಿದರೆ ಸಾವು.
ಕೇಳಿಸಿದವರೆಲ್ಲ ಹೊರಡಬೇಕು.
ಕೇಳಿಸದಷ್ಟು ದೂರದವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಜೀಪು ಹೊರಟಿತು.
ಅಮ್ಮತ್ತಿ ದಾಟುವ ಮೊದಲೇ ಒಂಟಿಸಲಗ,
ದೀಪ ಆರಿಸಿ ಮುಕ್ಕಾಲು ಗಂಟೆ ಉಸಿರು ಹಿಡಿದು ಕೂತರಂತೆ.
ಆರೂವರೆಗೆ ಜಂಶೀರ ಫೋನು ಮಾಡಿದ:
ಮಾಕುಟ್ಟದ ತಿರುವಲ್ಲಿ ವಾಂತಿ, ಗಾಡಿ ನಿಲ್ಲಿಸಿದ್ದೇವೆ,
ವಿಮಾನ ಹತ್ತಕ್ಕೆ, ಸಿಗುತ್ತದೆ ಬಿಡಿ.
ಗಡಿಯಾರ ನೋಡಿದೆ.
ಆ ಇಲ್ಲದ ವಿಮಾನ, ಮೂರಕ್ಕೇ ಹೊರಟಿದ್ದರೆ,
ಇಷ್ಟೊತ್ತಿಗೆ ಅಲ್ಲಿ ಇಳಿದು
ಖಾಲಿ ಬಾಗಿಲು ತೆರೆದಿರುತ್ತಿತ್ತು.

ಮರುದಿನ ಸಂಜೆ ಶಟರ್ ಎಳೆಯುವಾಗ ಕರೆ ಬಂತು.
ಮೊದಲು ಬರೀ ದೋಣಿಯ ಮೋಟಾರು, ಗಾಳಿ,
ಯಾರದೋ ಆಡಿನ ಅರಚು.
‘ಅಣ್ಣಾ, ಕೇಳಿಸ್ತಿದೆಯಾ?’
ಕೇಳಿಸ್ತಿದೆ, ಅಂದೆ.
ತಾರೀಕಿಗೆ ಇನ್ನೂ ಒಂದು ರಾತ್ರಿ ಇತ್ತು.
ಅವಳು ಏನೋ ಹೇಳಿದಳು, ಮೋಟಾರು ಅದನ್ನು ನುಂಗಿತು.
ಶಟರ್ ಅರ್ಧಕ್ಕೇ ಹಿಡಿದು
ಕೇಳಿಸ್ತಿದೆ, ಹೇಳು, ಅಂದೆ.